ಅಕ್ಕನ ಮನೆಯ ಲೈನಿಂಗು

ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಕಂದು ಕಾಗದ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದ ಮಾಸ್ಟರನ್ನು ಕಂಡು ಅವನ ಹೆಂಡತಿಗೆ ಮೊದಲು ಸಿಟ್ಟೇ ಬಂತು. ವಾರಕ್ಕೆ ಆರು ದಿನ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವುದು ಸಾಲದು ಅಂತ ಏಳನೆಯ ದಿನವೂ ಯಾರದೋ ಬಿಟ್ಟಿ ಕೆಲಸ ಹಿಡಿದು ಕೂತಿದ್ದಾನೆ ಎಂದುಕೊಂಡಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ತರಗತಿಯ ಪುಸ್ತಕಗಳನ್ನು ಕುರ್ಚಿಯ ಮೇಲೆ ಧೊಪ್ಪನೆ ಹಾಕಿದಳು.

"ಯಾರದಿದು? ನಿಮ್ಮ ಅಕ್ಕಂದಾ?"

"ಯಾರದೂ ಅಲ್ಲ. ನಮ್ಮದೇ."

ಅವಳು ಬಗ್ಗಿ ನೋಡಿದಳು. "ನಮ್ಮದಾ? ಬೆನ್ನಿದೆ, ಒಂದೇ ಒಂದು ತೋಳಿದೆ, ಒಂದು ಜೇಬಿದೆ. ಮುಂಭಾಗ ಎಲ್ಲಿ? ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗೋದು?"

"ಎಲ್ಲಿಗೂ ಹೋಗೋ ಹಾಗಿಲ್ಲ. ಇದು ಸಾಲ," ಎಂದ ಮಾಸ್ಟರ್, ಮುಖದಲ್ಲಿ ನಗುವಿಲ್ಲದೆ.

ಅವನನ್ನು ಹೆಸರಿಟ್ಟು ಕರೆಯುವವರು ಈಗ ಯಾರೂ ಉಳಿದಿಲ್ಲ. ಸಮವಸ್ತ್ರ ಮತ್ತು ಕೋಟುಗಳನ್ನು ಹೊಲಿಯುವ ಆ ವರ್ಕ್‌ಶಾಪಿನಲ್ಲಿ ಕಟಿಂಗ್ ಮಾಸ್ಟರ್ ಆದ ಮೇಲೆ ಮನೆಯಲ್ಲೂ ಬೀದಿಯಲ್ಲೂ ಅವನು ಮಾಸ್ಟರೇ. ಲೆಕ್ಕ ಬರೆಯುವುದೆಂದರೆ ಅವನಿಗೆ ಆಗದು. ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದರೆ ಕಣ್ಣು ಕತ್ತಲೆ ಬಂದ ಹಾಗಾಗುತ್ತಿತ್ತು. ಆದರೆ ಅಳತೆ ಕೊಟ್ಟು, ಎರಡೂವರೆ ಮೀಟರ್ ಬಟ್ಟೆಯಲ್ಲಿ ಒಂದು ಕೋಟು ಬರುತ್ತದೋ ಇಲ್ಲವೋ ಎಂದು ಕೇಳಿದರೆ ಬಟ್ಟೆ ಮಡಿಕೆಯಲ್ಲಿರುವಾಗಲೇ ಹೇಳಿಬಿಡುತ್ತಿದ್ದ. ಅದಕ್ಕೇ ಸಾಲವನ್ನೂ ಅಳತೆಗೆ ತಂದುಕೊಂಡಿದ್ದ. ಸಾವಿರಕ್ಕೆ ಒಂದು ಚದರ ಇಂಚು. ಮೂರು ಕ್ರೆಡಿಟ್ ಕಾರ್ಡುಗಳಿಗೆ ಮೂರು ತುಂಡು. ಮಗಳು ಪುಟ್ಟಿಯ ಹೊಟ್ಟೆಯ ಆಪರೇಷನ್ನಿಗೆ ಉಜ್ಜಿದ ಕಾರ್ಡು ತೊಂಬತ್ತು ಸಾವಿರ, ಅದು ಬೆನ್ನು. ವಾಷಿಂಗ್ ಮೆಷಿನ್ನು, ಬಚ್ಚಲಮನೆ ರಿಪೇರಿ, ಪುಟ್ಟಿಯ ಶಾಲೆಯ ಸಾಮಾನು ಎಲ್ಲ ಸೇರಿದ ಎರಡನೆಯದು ನಲವತ್ತು, ಅದು ತೋಳು. ಬಟ್ಟೆ ಸಾಮಾನಿನ ದೊಡ್ಡ ಅಂಗಡಿಯವರು ಕೊಟ್ಟಿದ್ದ ಕಾರ್ಡು ಹನ್ನೆರಡು. ಅದು ಜೇಬು.

"ಈ ಉದ್ದನೆಯ ಪಟ್ಟಿ?"

"ನಮ್ಮಿಬ್ಬರ ಸಂಬಳ. ಇದು ಬಟ್ಟೆ ಅಂತಿಟ್ಟುಕೋ. ಬಾಡಿಗೆ, ರೇಷನ್ನು, ಶಾಲೆ, ಕರೆಂಟು ಕತ್ತರಿಸಿದ ಮೇಲೆ ಉಳಿಯೋದು ಇಷ್ಟು. ಅಂಚಿಗೆ, ಆಪತ್ಕಾಲಕ್ಕೆ ಅಂತ ತಿಂಗಳಿಗೆ ಎರಡು ಸಾವಿರ ಬಿಟ್ಟಿದೀನಿ. ಅಂಚು ಬಿಡದೆ ಕತ್ತರಿಸಬಾರದು. ಮಿಕ್ಕಿದ್ದರಲ್ಲಿ ದೊಡ್ಡದಕ್ಕೆ ಎಂಟು, ತೋಳಿಗೆ ಮೂರು, ಜೇಬಿಗೆ ಒಂದು. ಒಂದೂವರೆ ವರ್ಷದಲ್ಲಿ ಮೇಜು ಖಾಲಿ."

"ದೊಡ್ಡದಕ್ಕೇ ಯಾಕೆ ಅಷ್ಟು?"

"ದೊಡ್ಡ ತುಂಡು ಮೊದಲು ಕೂರಿಸಬೇಕು. ಸಣ್ಣವು ಸಂದಿಯಲ್ಲಿ ಹೇಗೋ ಕೂತ್ಕೊಳ್ತಾವೆ. ಇದನ್ನ ಹೊಸದಾಗಿ ಸೇರಿದ ಹುಡುಗರಿಗೂ ಮೊದಲ ದಿನವೇ ಹೇಳ್ತೀವಿ."

ಹೆಂಡತಿ ಕುರ್ಚಿಯ ಮೇಲಿನ ಪುಸ್ತಕಗಳನ್ನು ಮಡಿಲಿಗೆ ತೆಗೆದುಕೊಂಡು ಕೂತಳು. ಅವಳು ಹಗಲು ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಫ್ರೇಮು ಒರೆಸುವುದು, ಬಿಲ್ಲು ಹಾಕುವುದು, ಡಾಕ್ಟರು ಬರೆದುಕೊಟ್ಟ ಚೀಟಿ ಓದಿ ಗಾಜು ತರಿಸುವುದು. ಸಂಜೆ ಕಣ್ಣಿನ ಪರೀಕ್ಷೆ ಮಾಡುವ ಕೋರ್ಸು. ಎರಡು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಮುಗಿದ ಹೊತ್ತಿಗೆ ಪುಟ್ಟಿಗೆ ಆಪರೇಷನ್ ಆಗಿ ನಿಂತುಹೋಗಿತ್ತು. ಈಗ ಮತ್ತೆ ಸೇರಿದ್ದಳು. ಕೊನೆಯ ವರ್ಷದ ಫೀಸಿಗೆ ನಾಲ್ಕು ತಿಂಗಳ ಗಡುವು ಕೊಟ್ಟು ತರಗತಿಗೆ ಕೂರಿಸಿಕೊಂಡಿದ್ದರು. ಹದಿನೆಂಟು ಸಾವಿರ. ಕಟ್ಟದಿದ್ದರೆ ಸೀಟು ಹೋಯಿತು. ಮುಂದಿನ ವರ್ಷ ನೋಡೋಣ ಎನ್ನುವ ಹಾಗೂ ಇರಲಿಲ್ಲ, ಈ ತಂಡದ ನಂತರ ಸಂಜೆಯ ಕೋರ್ಸನ್ನೇ ಮುಚ್ಚುತ್ತಾರೆಂದು ನೋಟೀಸು ಹಚ್ಚಿದ್ದರು.

"ನನ್ನ ಫೀಸು ಎಲ್ಲಿದೆ ಇದರಲ್ಲಿ?" ಎಂದು ಕೇಳಿದಳು. ಆದಷ್ಟು ಹಗುರವಾಗಿ ಕೇಳಿದಳು, ಆದರೆ ಮಡಿಲಿನ ಪುಸ್ತಕದ ಮೂಲೆಯನ್ನು ಉಗುರಿನಲ್ಲಿ ಕೀಳುತ್ತಿದ್ದಳು.

ಮಾಸ್ಟರ್ ಇದನ್ನೇ ಕಾಯುತ್ತಿದ್ದ. ಸೀಸನ್ ಬೋನಸ್ಸು ಎಂದು ಗೆರೆ ಹಾಕಿದ್ದ ಅಗಲದ ತುಂಡೊಂದನ್ನು ಪಟ್ಟಿಯ ನಾಲ್ಕನೆಯ ತಿಂಗಳಿಗೆ ಜೋಡಿಸಿ, ಅದರ ಮೇಲೆ ನೀಲಿ ಸೀಮೆಸುಣ್ಣ ಬಳಿದ ಚೌಕ ಇಟ್ಟ. ಅಂಚಿನಲ್ಲಿ ತುಸು ಜಾಗ ಬಿಟ್ಟು ಸರಿಯಾಗಿ ಕೂತಿತು. ಶಾಲೆಗಳು ಶುರುವಾಗುವ ಕಾಲಕ್ಕೆ ಸಮವಸ್ತ್ರದ ಆರ್ಡರು ಮುಗಿಸಿಕೊಟ್ಟರೆ ಬರುವ ಇಪ್ಪತ್ತು ಸಾವಿರದಲ್ಲಿ ಫೀಸು ಹೋಗಿ ಎರಡು ಉಳಿಯುತ್ತಿತ್ತು.

"ಎಲ್ಲಕ್ಕಿಂತ ಮೊದಲು ಕತ್ತರಿಸಿದ್ದೇ ಇದನ್ನ," ಎಂದ.

ಅವಳು ಎದ್ದು ಹೋಗಿ ಗೋಂದಿನ ಟೇಪು ತಂದು, ಆ ತುಂಡುಗಳನ್ನೆಲ್ಲ ಬಟ್ಟೆ ಬೀರುವಿನ ಬಾಗಿಲಿನ ಒಳಬದಿಗೆ ಅವನು ಹೇಳಿದ ಕ್ರಮದಲ್ಲೇ ಅಂಟಿಸಿದಳು.

ಮೂರು ತಿಂಗಳು ಮನೆ ಹಲ್ಲು ಕಚ್ಚಿಕೊಂಡು ನಡೆಯಿತು. ಮಾಸ್ಟರ್ ಬಸ್ಸು ಬಿಟ್ಟು ವರ್ಕ್‌ಶಾಪಿಗೆ ನಡೆದು ಹೋದ. ಪುಟ್ಟಿಯ ಹಳೆಯ ಲಂಗಗಳಿಗೆಲ್ಲ ಕೆಳಗೆ ಬಟ್ಟೆ ಕೂಡಿಸಿ ಉದ್ದ ಮಾಡಿದ. ಹೆಂಡತಿ ಬಿಸ್ಕತ್ತಿನ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಸಂಬಳದ ಮರುದಿನ ಬೀರು ತೆರೆದು, ಕಟ್ಟಿದ ಹಣದಷ್ಟು ಕಾಗದವನ್ನು ಬೆನ್ನಿನ ತುಂಡಿನಿಂದ ಕತ್ತರಿಸಿ ತೆಗೆಯುವುದು ಮನೆಯ ಮೂವರಿಗೂ ಒಂದು ಆಟವಾಯಿತು. ಪುಟ್ಟಿ ಕತ್ತರಿಸಿದ ಚೂರನ್ನು ಕಿಟಕಿಯಿಂದ ಊದಿಬಿಡುತ್ತಿದ್ದಳು. ಬಡ್ಡಿಗೆಂದು ಮಾಸ್ಟರ್ ಪ್ರತಿ ಸಲವೂ ಸ್ವಲ್ಪ ಕಡಿಮೆಯೇ ಕತ್ತರಿಸುತ್ತಿದ್ದ. ಅಷ್ಟು ಎಚ್ಚರ ಅವನಿಗಿತ್ತು. ಜೇಬಿನ ಕಡೆಗೆ ಮಾತ್ರ ಅವನ ಗಮನ ಹೋಗಲಿಲ್ಲ. ಸಣ್ಣದು, ಅದರ ಪಾಡಿಗೆ ಅದು ಇರಲಿ ಎಂದು ತಿಂಗಳಿಗೆ ಒಂದು ಸಾವಿರ ಹಾಕಿ ಮರೆತುಬಿಡುತ್ತಿದ್ದ.

ವರ್ಕ್‌ಶಾಪಿನಲ್ಲಿ ಗುಂಡಿ ಹಚ್ಚುವ ಮುದುಕನಿದ್ದ. ಎಲ್ಲರೂ ಅವನನ್ನು ಗುಂಡಿ ಮಾಮ ಎನ್ನುತ್ತಿದ್ದರು. ಮಾಸ್ಟರು ಟೀ ತರಿಸುವುದನ್ನು ನಿಲ್ಲಿಸಿದ ಮೇಲೆ ಅವನಿಗೆ ಹೊತ್ತೇ ಹೋಗುತ್ತಿರಲಿಲ್ಲ.

"ಏನು ಮಾಸ್ಟ್ರೇ, ಸೊಂಟ ಎರಡಿಂಚು ಇಳಿದಿದೆ. ಅಳತೆ ತಗೊಳ್ಳಲಾ?"

"ನಡೀತಾ ಇದೀನಲ್ಲ ಮಾಮ, ಅದಕ್ಕೆ."

"ನಡೀರಿ, ನಡೀರಿ. ಬ್ಯಾಂಕಿನೋರು ಕಾರಲ್ಲಿ ಬರ್ತಾರೆ. ನೀವು ಎಷ್ಟು ನಡೆದರೂ ಹಿಡೀತಾರೆ."

ತಮಾಷೆಗೆ ಅಂದ ಮಾತು. ಆದರೆ ನಾಲ್ಕನೆಯ ತಿಂಗಳ ಮೊದಲ ವಾರ ಸಮವಸ್ತ್ರದ ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸುತ್ತಿದ್ದಾಗ ಮಾಸ್ಟರನ ಫೋನು ಬಡಿದುಕೊಂಡಿತು. ಹೆಣ್ಣುಮಗಳೊಬ್ಬಳ ನಯವಾದ ದನಿ. ಅಂಗಡಿ ಕಾರ್ಡಿನ ಕಡೆಯಿಂದ ಮಾತಾಡುತ್ತಿದ್ದೇನೆ ಎಂದಳು.

"ಸರ್, ನೀವು ಮೂರು ತಿಂಗಳಿಂದ ಕಂತು ಪೂರ್ತಿ ಕಟ್ಟಿಲ್ಲ."

"ಕಟ್ಟಿದೀನಲ್ಲಮ್ಮ. ತಿಂಗಳು ತಿಂಗಳೂ ಒಂದು ಸಾವಿರ. ತಪ್ಪಿಸಿಲ್ಲ."

"ಕಟ್ಟಬೇಕಾಗಿದ್ದು ಅದಕ್ಕಿಂತ ಜಾಸ್ತಿ ಸರ್. ಕಡಿಮೆ ಕಟ್ಟಿದರೆ ಕಟ್ಟಿಲ್ಲ ಅಂತಲೇ ಲೆಕ್ಕ. ಅದಕ್ಕೆ ದಂಡ ಬಿದ್ದಿದೆ, ದಂಡದ ಮೇಲೆ ಬಡ್ಡಿ ಬಿದ್ದಿದೆ."

"ನನ್ನ ಬಾಕಿ ಇರೋದೇ ಹನ್ನೆರಡು."

"ಮೂವತ್ನಾಲ್ಕು ಸರ್," ಎಂದಳು ಆಕೆ, ಅದೇ ನಯದಲ್ಲಿ. "ಈ ತಿಂಗಳ ಕೊನೆಯೊಳಗೆ ಹದಿನೇಳು ಸಾವಿರ ಕಟ್ಟಿದರೆ ಖಾತೆ ಸರಿಹೋಗುತ್ತೆ. ಇಲ್ಲಾಂದ್ರೆ ವಸೂಲಿ ವಿಭಾಗಕ್ಕೆ ಹೋಗುತ್ತೆ. ಅವರು ಮನೆಗೇ ಬರ್ತಾರೆ."

ಮಾಸ್ಟರ್ ಫೋನು ಜೇಬಿಗೆ ಹಾಕಿ, ಹಾಸಿದ ಪದರಗಳನ್ನು ಎಣಿಸಿದ. ಎಣಿಕೆ ತಪ್ಪಿತು. ಮತ್ತೆ ಎಣಿಸಿದ. ಆ ದಿನ ಮಧ್ಯಾಹ್ನದವರೆಗೆ ಕತ್ತರಿ ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ. ನೂರು ಪದರದ ಮೇಲೆ ಒಂದು ತಪ್ಪು ಗೆರೆ ಹಾಕಿದರೆ ನೂರು ಅಂಗಿ ಹಾಳು.

ಸಂಜೆ ಹೆಂಡತಿಯ ಮುಂದೆ ಫೋನಿಟ್ಟು ವಿಷಯ ಹೇಳಿದ. ಅವಳು ಅವನ ಮೇಲೆ ಹರಿಹಾಯಲಿಲ್ಲ. ಕಾರ್ಡಿನವರು ತಿಂಗಳು ತಿಂಗಳೂ ಫೋನಿಗೆ ಕಳಿಸಿದ್ದ, ಅವನು ಒಂದನ್ನೂ ತೆರೆಯದೆ ಬಿಟ್ಟಿದ್ದ ಪಟ್ಟಿಗಳನ್ನು ಒಂದೊಂದಾಗಿ ತೆರೆದು, ಕನ್ನಡಕದ ಚೀಟಿ ಓದುವ ಹಾಗೆ ಬೆರಳಿಟ್ಟು ಓದತೊಡಗಿದಳು.

"ಲೈನಿಂಗು, ಐದು ಕೋಟುಗಳಿಗೆ. ಕ್ಯಾನ್ವಾಸು. ಕೊಂಬಿನ ಗುಂಡಿ. ರೇಷ್ಮೆ ಲೈನಿಂಗು, ಮತ್ತೆ. ಇದು ಯಾವಾಗಿನದು? ನಿಮ್ಮ ಅಕ್ಕನ ಮಗನ ಮದುವೆದಲ್ವಾ?"

"ಹೌದು."

"ಇಷ್ಟೇ ಹದಿನಾರು ಸಾವಿರ ಆಯ್ತಲ್ರೀ. ನಿಮ್ಮ ಜೇಬಿನ ತುಂಡಿನಲ್ಲಿ ಇದನ್ನ ಸೇರಿಸಿರಲಿಲ್ವಾ?"

ಮಾಸ್ಟರ್ ಸೇರಿಸಿರಲಿಲ್ಲ. ಮರೆತದ್ದಲ್ಲ. ಆ ಭಾನುವಾರ ತುಂಡು ಕತ್ತರಿಸುವಾಗ ಡ್ರಾಯರಿನಲ್ಲಿದ್ದ ಬಿಲ್ಲುಗಳನ್ನೆಲ್ಲ ಎರಡು ಗುಂಪು ಮಾಡಿ, ಅಕ್ಕನ ಮನೆಯ ಬಿಲ್ಲುಗಳನ್ನು ಬೇರೆ ತೆಗೆದಿಟ್ಟಿದ್ದ. ಏಕೆಂದರೆ ಅದು ಗಿರಾಕಿ ಬಟ್ಟೆ. ಹದಿನಾರನೆಯ ವಯಸ್ಸಿನಲ್ಲಿ ಟೈಲರ್ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದಾಗ ಅಲ್ಲಿನ ಯಜಮಾನ ಅವನಿಗೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಗಿರಾಕಿ ತಂದುಕೊಟ್ಟ ಬಟ್ಟೆ ಬೇರೆ ಕಪಾಟಿನಲ್ಲಿರಬೇಕು. ಅಂಗಡಿಯ ದಾಸ್ತಾನು ಎಣಿಸುವಾಗ ಅದರ ಮೇಲೆ ಕೈಯೂ ಬೀಳಬಾರದು. ಗಿರಾಕಿಯದನ್ನು ತನ್ನದರಲ್ಲಿ ಎಣಿಸಿಕೊಂಡವನು ಕಳ್ಳ. ಇಪ್ಪತ್ತನಾಲ್ಕು ವರ್ಷ ಆ ಪಾಠ ತಪ್ಪದವನು ಸಾಲ ಎಣಿಸುವಾಗಲೂ ತಪ್ಪಲಿಲ್ಲ.

"ಅದು ಅಕ್ಕಂದು. ನಮ್ಮದಲ್ಲ," ಎಂದ.

"ಕಾರ್ಡು ಯಾರದು?"

"ನಂದು."

"ಕಾರ್ಡಿನೋರಿಗೆ ಯಾರ ಕೋಟು ಅಂತ ಗೊತ್ತಾ?"

ಅವಳು ಇನ್ನೂ ಕೆಳಗಿನ ಸಾಲುಗಳನ್ನು ಓದುತ್ತಿದ್ದಳು. "ಬಡ್ಡಿ ನೋಡಿ. ದೊಡ್ಡ ಕಾರ್ಡಿನ ಎರಡರಷ್ಟು ತಗೊಳ್ತಾ ಇದಾರೆ ಇವರು. ನಾವು ದೊಡ್ಡದನ್ನ ಕತ್ತರಿಸ್ತಾ ಕೂತಿದ್ವಿ, ಇದು ಬೆಳೀತಾ ಕೂತಿತ್ತು. ನಿಮ್ಮ ಬಟ್ಟೆ ಕತ್ತರಿಸಿ ಇಟ್ಟರೆ ಅಷ್ಟೇ ಇರುತ್ತೆ. ಇದು ಹಾಗಲ್ಲ."

ಲೆಕ್ಕ ಹಾಕಲು ಕಾಗದ ಬೇಕಾಗಿರಲಿಲ್ಲ. ಬೋನಸ್ಸು ಇಪ್ಪತ್ತು. ಕಾರ್ಡಿಗೆ ಹದಿನೇಳು, ಫೀಸಿಗೆ ಹದಿನೆಂಟು, ಎರಡಕ್ಕೂ ಇದೇ ತಿಂಗಳ ಕೊನೆಯೇ ಗಡುವು. ಪುಟ್ಟಿ ಒಳಗೆ ಮಗ್ಗಿ ಹೇಳಿಕೊಳ್ಳುತ್ತಿದ್ದಳು.

"ಈ ಸಲ ಬೇಡ ಬಿಡಿ," ಎಂದಳು ಹೆಂಡತಿ. "ಕೌಂಟರ್ ಕೆಲಸ ಹೇಗೂ ಇದೆಯಲ್ಲ. ಕಣ್ಣು ಪರೀಕ್ಷೆ ಮಾಡೋರು ಮಾಡ್ಲಿ, ನಾನು ಫ್ರೇಮು ಒರೆಸ್ತೀನಿ."

ಅವಳು ಬೈದಿದ್ದರೆ ಮಾಸ್ಟರ್ ತಡೆದುಕೊಳ್ಳುತ್ತಿದ್ದ. ಕಾರ್ಡಿಗೆ ಹೀಗೆ ಸುಲಭವಾಗಿ ದಾರಿ ಬಿಟ್ಟುಕೊಟ್ಟದ್ದು ಅವನಿಗೆ ಎದೆಗೆ ಒದ್ದ ಹಾಗಾಯಿತು.

"ಅಕ್ಕನ್ನ ಕೇಳ್ತೀನಿ," ಎಂದ.

"ನೀವಾ?" ಎಂದಳು ಅವಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಆಶ್ಚರ್ಯವಷ್ಟೇ ಇತ್ತು, ಅದು ಇನ್ನೂ ಕೆಟ್ಟದಾಗಿತ್ತು.

ಅಕ್ಕನ ಹತ್ತಿರ ಹಣ ಕೇಳುವುದು ಮಾಸ್ಟರನಿಗೆ ಮೈಮೇಲಿನ ಚರ್ಮ ಸುಲಿದುಕೊಂಡ ಹಾಗೆ. ಕೆಲಸ ಕಲಿಯುವ ಕಾಲದಲ್ಲಿ ನಾಲ್ಕು ವರ್ಷ ಅವನು ಉಂಡದ್ದು ಅಕ್ಕನ ಮನೆಯಲ್ಲಿ. ಬೆಳೆದ ಮೇಲೆ ಅವಳ ಮನೆಯ ಒಂದು ಅಂಗಿಗೂ ಅವನು ಕೂಲಿ ತೆಗೆದುಕೊಂಡವನಲ್ಲ. ಅದು ಸರಿಯೇ ಎಂದು ಅವನ ಹೆಂಡತಿಯೂ ಒಪ್ಪುತ್ತಿದ್ದಳು. ಕೂಲಿ ಬೇರೆ, ಸಾಮಾನು ಬೇರೆ ಎಂದು ಮಾತ್ರ ಆಗಾಗ ಗೊಣಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಿಲ್ಲುಗಳನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿದ. ಅಕ್ಕಾ, ಒಂದು ವಿಷಯ. ಅಕ್ಕಾ, ತಪ್ಪು ತಿಳ್ಕೋಬೇಡ. ಅಕ್ಕಾ, ಮದುವೆದು ಒಂದು ಸಣ್ಣ ಲೆಕ್ಕ.

ಅಕ್ಕ ಬಾಗಿಲಲ್ಲೇ ಹಿಡಿದುಕೊಂಡಳು. "ಬಾರೋ. ಏನು ಹೀಗೆ ಒಣಗಿದೀಯ? ನಿನ್ನ ಹೆಂಡ್ತಿಗೆ ಓದೋದರಲ್ಲೇ ಹೊತ್ತು ಹೋಗುತ್ತೆ, ನಿನಗೆ ಅನ್ನ ಯಾರು ಹಾಕ್ತಾರೆ? ಕೂತ್ಕೋ."

"ಹಾಗಲ್ಲಕ್ಕ. ನಡೀತಾ ಇದೀನಿ."

"ನಡಿಯೋ ವಯಸ್ಸಾ ಇದು? ಕೂತ್ಕೋ ಅಂದ್ನಲ್ಲ." ತಟ್ಟೆ ಬಂತು. ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ತುಂಬಿತು. ಅನ್ನ ಬಾಯಲ್ಲಿರುವಾಗ ಸಾಲದ ಮಾತು ಆಡುವುದು ಹೇಗೆ ಎಂದು ಅವನು ಕೈ ತೊಳೆಯುವವರೆಗೆ ಕಾದ. ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ಚೀಲ ತಂದು ಅವನ ಪಕ್ಕದಲ್ಲಿಟ್ಟಿದ್ದಳು.

"ನಿನ್ನ ಭಾವಂಗೆ ಒಂದು ಕೋಟು, ಸೊಸೆಗೆ ಒಂದು ಜಾಕೆಟ್ಟು. ಹೋದ ಸಲದ ಲೈನಿಂಗು ಚೆನ್ನಾಗಿತ್ತು ಕಣೋ, ಅದನ್ನೇ ಹಾಕು. ಇನ್ನೂ ಇದೆ ತಾನೆ?"

"ಇದೆ ಬಿಡಕ್ಕ," ಎಂದಿತು ಮಾಸ್ಟರನ ಬಾಯಿ, ಅವನನ್ನು ಕೇಳದೆಯೇ.

ಮನೆಗೆ ಬಂದಾಗ ಅವನ ಕೈಯಲ್ಲಿ ಹಣವಿರಲಿಲ್ಲ, ಚೀಲವಿತ್ತು. ಹೆಂಡತಿ ಚೀಲವನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಗೋಡೆಗೆ ಒರಗಿ ನಗಲು ಶುರು ಮಾಡಿದಳು. ನಗು ಉದ್ದವಾಗುತ್ತಾ ಹೋಗಿ ಕೊನೆಗೆ ಬೇರೆಯೇ ಏನೋ ಆಗುವ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

"ಕೇಳೋಕೆ ಹೋದೋರು ಆರ್ಡರ್ ಹಿಡ್ಕೊಂಡು ಬಂದ್ರಾ?" ಎಂದು ಅಲ್ಲಿಂದಲೇ ಕೇಳಿದಳು.

ಮಾಸ್ಟರ್ ಚೀಲದ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿದ. ಒಳ್ಳೆಯ ಬಟ್ಟೆ. ಅಭ್ಯಾಸದಿಂದ ಕೈ ಅದರ ಎಳೆಯ ದಿಕ್ಕನ್ನು ಸವರಿ ನೋಡಿತು. ಇದೆ ಬಿಡಕ್ಕ. ಆ ಮಾತು ಅವನ ಕಿವಿಯಲ್ಲೇ ಉಳಿದಿತ್ತು. ಮದುವೆಯ ಕೋಟು ಹೊಲಿಯುವಾಗ ಅಕ್ಕ ಕೇಳಿರಲಿಲ್ಲವೇ, ಲೈನಿಂಗಿಗೆ ಎಷ್ಟಾಯಿತೋ ಎಂದು? ಕೇಳಿದ್ದಳು. ಪರ್ಸು ಕೈಯಲ್ಲಿ ಹಿಡಿದೇ ಕೇಳಿದ್ದಳು. ಆಗಲೂ ಅವನು ಅಂದದ್ದು ಇದನ್ನೇ. ವರ್ಕ್‌ಶಾಪಲ್ಲಿ ಉಳಿದದ್ದು ಇದೆ ಬಿಡಕ್ಕ, ದುಡ್ಡೇನೂ ಇಲ್ಲ. ಯಾಕೆ ಹಾಗಂದೆ ಎಂದು ಯೋಚಿಸಿದರೆ ಉತ್ತರ ಅಷ್ಟು ಚೆನ್ನಾಗಿರಲಿಲ್ಲ. ನಾಲ್ಕು ವರ್ಷ ಅನ್ನ ಹಾಕಿದವಳ ಮುಂದೆ ಕೈ ತುಂಬಿದವನ ಹಾಗೆ ನಿಲ್ಲಬೇಕೆಂಬ ಆಸೆ. ಅಷ್ಟೇ. ಅಕ್ಕ ಮೋಸ ಮಾಡಿರಲಿಲ್ಲ. ಪುಕ್ಕಟೆ ಎಂದು ಅವನೇ ನಂಬಿಸಿದ್ದ. ಅವನು ಬಟ್ಟೆಯನ್ನು ಬಂದ ಮಡಿಕೆಯಲ್ಲೇ ಮಡಿಸಿ ಚೀಲಕ್ಕೆ ಹಾಕಿದ.

ಅಕ್ಕ ಒಂದು ದೊಡ್ಡ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಮರುದಿನ ಊಟದ ಬಿಡುವಿನಲ್ಲಿ ಮಾಸ್ಟರ್ ಅಲ್ಲಿಗೆ ಹೋದ. ಮನೆಗೆ ಹೋದರೆ ಮತ್ತೆ ತಟ್ಟೆ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಒಳಗೆ ಇಸ್ತ್ರಿಯ ಹಬೆ, ಸಾಬೂನಿನ ವಾಸನೆ, ಹ್ಯಾಂಗರಿಗೆ ನೇತುಬಿದ್ದ ಅಂಗಿಗಳ ಸಾಲು. ಕೌಂಟರಿನ ಮುಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿದ್ದರು. ಅಕ್ಕನ ತಲೆಯ ಮೇಲಿನ ಫಲಕದಲ್ಲಿ, ಹಣ ಕೊಡದೆ ಬಟ್ಟೆ ಕೊಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ ಎಂದು ಬರೆದಿತ್ತು. ಅವನು ಆ ನಾಲ್ವರ ಹಿಂದೆ ಐದನೆಯವನಾಗಿ ನಿಂತ.

"ಲೋ, ಅಲ್ಲೇನು ನಿಂತಿದೀಯ? ಪಕ್ಕದ ಬಾಗಿಲಿಂದ ಒಳಗೆ ಬಾ."

"ಇರಲಿ ಅಕ್ಕ. ಸರದಿ ಬರಲಿ."

"ತಲೆ ಕೆಟ್ಟಿದೆಯಾ ನಿಂಗೆ?" ಎಂದು ಅವಳು ಮುಂದಿನವನ ಚೀಟಿ ತೆಗೆದುಕೊಂಡಳು. ಸಾಲು ಕರಗಿ ಅವನ ಸರದಿ ಬಂದಾಗ ಮಾಸ್ಟರ್ ಚೀಲವನ್ನು ಕೌಂಟರಿನ ಮೇಲಿಟ್ಟ. ಪಕ್ಕದಲ್ಲಿ ಬಿಲ್ಲುಗಳನ್ನಿಟ್ಟ. ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ.

"ಲೈನಿಂಗು ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲ. ಮದುವೆ ಕೋಟುಗಳಿಗೆ ಹಾಕಿದ್ದೆಲ್ಲ ನಾನು ಸಾಲದಲ್ಲಿ ತಂದಿದ್ದು. ಹದಿನಾರು ಸಾವಿರ. ಕೂಲಿ ಬೇಡ, ಸಾಮಾನಿಂದು ಮಾತ್ರ. ಅದನ್ನ ಕಟ್ಟದೆ ಈಗ ದಂಡ ಬಿದ್ದಿದೆ. ಅವಳ ಫೀಸಿಗೆ ಇಟ್ಟಿದ್ದು ಅದಕ್ಕೆ ಹೋಗುತ್ತೆ. ಈ ತಿಂಗಳು ಕಟ್ಟದಿದ್ದರೆ ಅವಳ ಓದು ಮುಗೀತು."

ಅಕ್ಕ ಬಿಲ್ಲುಗಳನ್ನು ಎತ್ತಿಕೊಳ್ಳಲಿಲ್ಲ. "ಉಳಿದದ್ದು ಅಂದೆಯಲ್ಲೋ ನೀನು."

"ಅಂದೆ. ಸುಳ್ಳು."

"ನಾನು ಬೀಗರ ಮುಂದೆಲ್ಲ ಹೇಳಿಕೊಂಡೆ. ನಮ್ಮ ತಮ್ಮ ಕೋಟು ಪುಕ್ಕಟೆ ಹೊಲಿದುಕೊಟ್ಟ ಅಂತ."

"ಹೊಲಿಗೆ ಪುಕ್ಕಟೆನೇ ಅಕ್ಕ."

"ಬಾಯಿ ಮುಚ್ಚು." ಅವಳ ಮುಖ ಕೆಂಪೇರಿತ್ತು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕೆಮ್ಮಿ ತಾನೂ ಇದ್ದೇನೆ ಎಂದು ತಿಳಿಸಿದಳು. "ಎರಡು ನಿಮಿಷ ನಿಂತ್ಕೊಳಮ್ಮ, ಮನೆ ವಿಷಯ," ಎಂದಳು ಅಕ್ಕ ಅವಳಿಗೆ. ಮತ್ತೆ ತಮ್ಮನ ಕಡೆ ತಿರುಗಿ, "ಆಗಲೇ ಹೇಳಿದ್ರೆ ಅಷ್ಟು ದುಬಾರಿ ಲೈನಿಂಗು ಬೇಡ ಅಂತಿದ್ದೆ. ಐದು ಕೋಟು ಯಾಕೆ, ಎರಡೇ ಮಾಡಿಸ್ತಿದ್ದೆ. ನಾನು ತಿಂದುಹಾಕೋಳು ಅಂತ ನಿನ್ನ ಹೆಂಡ್ತಿ ಇಷ್ಟು ದಿನ ಅಂದ್ಕೊಂಡಿರ್ತಾಳೆ, ಅಲ್ವಾ?"

ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. "ಹಾಗೆ ಅಂದ್ಕೊಳ್ಳೋ ಹಾಗೆ ಮಾಡಿದ್ದು ನಾನು," ಎಂದ.

ಅಕ್ಕ ಗಲ್ಲಾಪೆಟ್ಟಿಗೆಯ ಕಡೆ ನೋಡಲೂ ಇಲ್ಲ, ಅದು ಲಾಂಡ್ರಿಯದು. ಒಳಗೆ ಹೋಗಿ ತನ್ನ ಚೀಲ ತಂದಳು. ಎಣಿಸಿದಳು, ಇನ್ನೊಂದು ಪುಟ್ಟ ಪರ್ಸಿನಿಂದ ತೆಗೆದು ಮತ್ತೆ ಎಣಿಸಿದಳು. "ಒಂಬತ್ತಿದೆ. ಮನೆ ಬಾಡಿಗೆಗೆ ಇಟ್ಟಿದ್ದು. ನಿನ್ನ ಭಾವನ ಹತ್ರ ಏನಾದ್ರೂ ಹೇಳ್ಕೋತೀನಿ. ಮಿಕ್ಕಿದ್ದು ಈಗ ಇಲ್ಲ."

ಹಣವನ್ನು ಅವನ ಕಡೆ ದೂಡಿ, ಬಟ್ಟೆಯ ಚೀಲವನ್ನು ತನ್ನ ಕಡೆ ಎಳೆದುಕೊಂಡಳು.

"ಇದನ್ನ ಹೊಲಿದುಕೊಡ್ತೀನಿ ಅಕ್ಕ. ಲೈನಿಂಗು ನೀನು ತಂದುಕೊಡು, ಸಾಕು."

"ಬೇಡ. ಬೇರೆಯವರ ಹತ್ರ ಹೊಲಿಸ್ಕೋತೀನಿ," ಎಂದಳು. ಆಮೇಲೆ ಅವನ ಹೆಗಲಾಚೆ ನೋಡುತ್ತ, "ಬಾರಮ್ಮ, ಚೀಟಿ ಕೊಡು," ಎಂದಳು.

ಮಾಸ್ಟರ್ ಹೊರಗೆ ಬಂದ. ಮೊದಲ ತಿರುವಿನವರೆಗೆ ಅವನಿಗೆ ಹಣದ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅಕ್ಕ ಅವನಿಗೆ ಕೊಟ್ಟ ಬಟ್ಟೆಯನ್ನು ವಾಪಸ್ಸು ತೆಗೆದುಕೊಂಡದ್ದು ಇದೇ ಮೊದಲು. ಹದಿನಾರು ಸಾವಿರ ಹೋಗಲಿ, ಹಾಳಾಗಲಿ ಎಂದು ತಿರುಗಿ ಓಡಿ, ಚೀಲ ಕಿತ್ತುಕೊಂಡು ಬರೋಣ ಎಂದು ಒಂದು ಕ್ಷಣ ಅನ್ನಿಸಿತು. ನಿಂತ. ಮಗ್ಗಿಯ ಸದ್ದಿನ ನಡುವೆ, ನಾನು ಫ್ರೇಮು ಒರೆಸ್ತೀನಿ ಎಂದು ಹೇಳಿದ ದನಿ ನೆನಪಾಗಿ ಮುಂದೆ ನಡೆದ.

ಆ ರಾತ್ರಿ ಊಟವಾದ ಮೇಲೆ ಹೆಂಡತಿ ಬೀರುವಿನ ಬಾಗಿಲು ತೆರೆದು ಕೂತಳು. ಈ ಸಲ ಹೇಳುವವಳು ಅವಳು, ಕತ್ತರಿಸುವವನು ಅವನು. ಜೇಬಿನ ಜಾಗಕ್ಕೆ ಮೂವತ್ತನಾಲ್ಕು ಚದರ ಇಂಚಿನ ಹೊಸ ತುಂಡು ಬಂತು. ಪಕ್ಕದ ತೋಳಿಗಿಂತ ಒಂದಿಷ್ಟೇ ಚಿಕ್ಕದು. ಬಡ್ಡಿ ಯಾವುದಕ್ಕೆ ಹೆಚ್ಚೋ ಅದು ಮೊದಲು ಎಂದು ಅವಳು ಗೆರೆ ಹಾಕಿದಳು. ಬೆನ್ನಿಗೆ ಇನ್ನು ಮೇಲೆ ಎಂಟಲ್ಲ, ಕಾರ್ಡಿನವರು ಕೇಳುವಷ್ಟು ಮೂರೇ ಮೂರು. ಅಲ್ಲಿಂದ ಐದು ಬಿಡುಗಡೆಯಾಯಿತು. ಬೋನಸ್ಸಿನ ಇಪ್ಪತ್ತು, ಅಕ್ಕನ ಒಂಬತ್ತು, ಈ ಐದು, ಅಂಚಿಗೆ ಬಿಟ್ಟದ್ದರಲ್ಲಿ ಒಂದು. ಮೂವತ್ತೈದು. ಕಾರ್ಡಿಗೆ ಹದಿನೇಳು, ಫೀಸಿಗೆ ಹದಿನೆಂಟು.

"ಸರಿಹೋಯ್ತಾ?" ಎಂದು ಮಾಸ್ಟರ್ ಕೇಳಿದ. ಅವನು ಮೂರು ಸಲ ಕೂಡಿದ್ದ, ಆದರೂ ತನ್ನ ಮೇಲೆ ನಂಬಿಕೆ ಇರಲಿಲ್ಲ.

"ಈ ತಿಂಗಳು ಸರಿಹೋಯ್ತು. ಆದರೆ ಒಂದೂವರೆ ವರ್ಷ ಅಂದಿದ್ರಲ್ಲ, ಅದು ಎರಡೂವರೆ ಆಗುತ್ತೆ."

"ಆಗಲಿ."

"ಇನ್ನು ಮೇಲೆ ಫೋನಿಗೆ ಬರೋ ಪಟ್ಟಿ ನಾನು ನೋಡ್ತೀನಿ. ಅಂಗಡಿ ಕಾರ್ಡು ಈ ಡಬ್ಬಿಗೆ ಹಾಕಿ." ಅವನು ಹಾಕಿದ. ಅವಳು ಡಬ್ಬಿಯ ಮುಚ್ಚಳ ಹಾಕಿ ಕೇಳಿದಳು, "ಅಕ್ಕ ಏನಂದ್ರು?"

"ಕೊಟ್ರು."

"ಅದು ಗೊತ್ತು. ಏನಂದ್ರು?"

"ಬಟ್ಟೆ ವಾಪಸ್ ತಗೊಂಡ್ರು."

ಅವಳು ಗೋಂದಿನ ಟೇಪನ್ನು ಹಲ್ಲಿನಲ್ಲಿ ಕಡಿದು ಕೊನೆಯ ತುಂಡನ್ನು ಅಂಟಿಸಿ, ಅವನ ಭುಜ ಹಿಡಿದುಕೊಂಡು ಮೇಲೆದ್ದಳು.

ಬೋನಸ್ಸು ಬಂದದ್ದು ತಿಂಗಳ ಕೊನೆಗೆ ಎರಡು ದಿನ ಇರುವಾಗ. ಅದೇ ದಿನ ಕಾರ್ಡಿಗೆ ಹದಿನೇಳು ಕಟ್ಟಿ, ಸಂಜೆ ಇಬ್ಬರೂ ಕೋರ್ಸಿನ ಕಟ್ಟಡಕ್ಕೆ ಹೋದರು. ಫೀಸಿನ ಕಿಟಕಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಕೊನೇ ಗಳಿಗೆಗೆ ಬರೋರು ನೀವೊಬ್ಬರೇ ಅಂದ್ಕೊಳ್ಬೇಡಿ, ಇನ್ನೂ ಆರು ಜನ ಇದಾರೆ," ಎಂದು ರಸೀದಿ ಬರೆದುಕೊಟ್ಟ. ಹೆಂಡತಿ ರಸೀದಿಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ಎರಡು ಸಲ ಓದಿ, ಪುಸ್ತಕದೊಳಗಿಟ್ಟು, ಮೆಟ್ಟಿಲು ಹತ್ತಿ ತರಗತಿಗೆ ಹೋದಳು. ಹೋಗುವಾಗ, ಪುಟ್ಟಿಗೆ ಹೋಂವರ್ಕ್ ಮಾಡಿಸಿ ಎಂದಷ್ಟೇ ಹೇಳಿದಳು.

ಮಾಸ್ಟರ್ ರಸ್ತೆಗಿಳಿದು ಸ್ವಲ್ಪ ದೂರ ನಡೆದಿದ್ದ. ಫೋನು ಬಂತು. ಅಕ್ಕ. ಆ ದಿನದ ಮೇಲೆ ಅವಳು ಮಾಡಿದ ಮೊದಲ ಫೋನು. ಅವನು ರಸ್ತೆಬದಿಯ ಅಂಗಡಿಯೊಂದರ ಗೋಡೆಗೆ ಆತು ನಿಂತು ಎತ್ತಿಕೊಂಡ.

"ಕಟ್ಟಿದ್ರಾ?" ಎಂದಳು.

"ಕಟ್ಟಿದ್ವಿ ಅಕ್ಕ. ಈಗ ತಾನೇ. ತರಗತಿಗೆ ಹೋದಳು."

"ಹೂಂ." ಆ ಕಡೆ ಇಸ್ತ್ರಿಯ ಹಬೆ ಬುಸ್ಸೆಂದದ್ದು ಕೇಳಿಸಿತು. "ಮಿಕ್ಕಿದ ಏಳು ಎರಡು ಸಲಕ್ಕೆ ಕೊಡ್ತೀನಿ. ಬರೋ ತಿಂಗಳು ನಾಲ್ಕು, ಆಮೇಲೆ ಮೂರು. ಬರಕೋ."

"ನಿಧಾನಕ್ಕೆ ಕೊಡು ಅಕ್ಕ, ಏನು ಅವಸರ," ಎನ್ನಲು ಬಾಯಿ ತೆರೆದ ಮಾಸ್ಟರ್. ಮೊದಲ ಪದ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿದ.

"ಬರಕೊಂಡೆ. ನಾಲ್ಕು, ಮೂರು," ಎಂದ.

"ಭಾನುವಾರ ಊಟಕ್ಕೆ ಬಾ ಅಂತ ಕರೀತಾ ಇಲ್ಲ. ಇನ್ನೂ ಸಿಟ್ಟಿದೆ ನಂಗೆ."

"ಸರಿ ಅಕ್ಕ."

"ಅವಳಿಗೂ ಹೇಳು, ಸಿಟ್ಟಿರೋದು ನಿನ್ನ ಮೇಲೆ ಅಂತ. ಅವಳ ಮೇಲಲ್ಲ," ಎಂದು ಅಕ್ಕ ಫೋನಿಟ್ಟಳು.